ಬುಕಾನನ್ ಕೇಳಿದ ಪ್ರಶ್ನೆಗಳು

ಯುದ್ಧದ ಕತೆ ಹೇಳುವವರು ರಾಜರ ಹೆಸರು ಹೇಳುತ್ತಾರೆ, ಸತ್ತ ಸೈನಿಕರ ಲೆಕ್ಕ ಕೊಡುತ್ತಾರೆ. ಎತ್ತು ಕಳೆದುಕೊಂಡ ರೈತನ, ಬಿತ್ತನೆಯ ರಾಗಿಯನ್ನೂ ತಿಂದು ಮುಗಿಸಿ ಊರು ಬಿಟ್ಟ ಸಂಸಾರದ ಲೆಕ್ಕ ಇಡುವವರು ಕಡಿಮೆ. ಇಂದು ಆ ಕೆಲಸಕ್ಕೆ ಮಾನವ ಹಕ್ಕುಗಳ ಸಂಶೋಧಕರಿದ್ದಾರೆ. ಆ ಹೆಸರು ಹುಟ್ಟುವುದಕ್ಕೆ ಬಹಳ ಮುಂಚೆ, 1800ರಲ್ಲಿ, ಒಬ್ಬ ಡಾಕ್ಟರು ನಮ್ಮ ಮದ್ದೂರು, ಮಂಡ್ಯ, ಮಳವಳ್ಳಿಯ ದಾರಿಗಳಲ್ಲಿ ಜನರನ್ನು ವಿಚಾರಿಸುತ್ತಾ, ಕೇಳಿದ್ದನ್ನು ಬರೆದುಕೊಳ್ಳುತ್ತಾ ಹೋದ. ಅವನ ಹೆಸರು ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈತ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಗೆದ್ದ ಸೀಮೆಯ ಪರಿಶೀಲನೆಗೆ ಅವನನ್ನು ಕಳಿಸಿದ. ಬೆಳೆ, ಕಂದಾಯ, ಮಗ್ಗ, ಕೆರೆ, ಜಾತಿ ಎಲ್ಲವನ್ನೂ ಅವನು ದಿನಚರಿಯಂತೆ ಬರೆದಿಟ್ಟ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅವನು ಕಂಡ ಸೀಮೆ ದಂಡು ತುಳಿದ ಸೀಮೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದವರೆಗೆ ಬಂದು, ಮೇವಿಲ್ಲದೆ ಎತ್ತುಗಳು ಸತ್ತು, ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಿತು. 1792ರಲ್ಲಿ ಮತ್ತೆ ಬಂತು. 1799ರಲ್ಲಿ ಟಿಪ್ಪು ಮೊದಲು ಮದ್ದೂರಿನ ಹೊಳೆಯ ಬಳಿ ಕಾದ. ಜನರಲ್ ಹ್ಯಾರಿಸ್ ಕನಕಪುರದ ದಾರಿ ಹಿಡಿದುದರಿಂದ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ ನಡೆಯಿತು. ಹೈದರಾಲಿ ಒಂದು ಕಾಲಕ್ಕೆ ಮಗನಿಗೆ ಜಹಗೀರು ಕೊಟ್ಟಿದ್ದ ಊರದು.

ಶತ್ರುವಿಗೆ ಹುಲ್ಲುಕಡ್ಡಿಯೂ ಸಿಗಬಾರದೆಂದು ಸುಲ್ತಾನನ ಸವಾರರು ದಾರಿಯ ಹಳ್ಳಿಗಳ ಮೇವಿಗೆ ಬೆಂಕಿಯಿಟ್ಟರು. ಉಳಿದದ್ದನ್ನು ಕಂಪನಿಯ ದಂಡೂ ಅದರ ಜೊತೆಗಾರರೂ ದೋಚಿದರು. ಬೆಂಕಿ ಇಟ್ಟವರು ಯಾರಾದರೇನು, ಉರಿದದ್ದು ರೈತನ ಬಣವೆ. ಟಿಪ್ಪುವಿನ ಅಭಿಮಾನಿಗಳಾದ ನಾವು ಈ ಮಾತನ್ನು ಒಪ್ಪಿಕೊಳ್ಳಲು ಹಿಂಜರಿಯಬಾರದು. ಟಿಪ್ಪುವನ್ನು ದ್ವೇಷಿಸುವವರು ಇನ್ನೊಂದು ಮಾತು ಒಪ್ಪಿಕೊಳ್ಳಬೇಕು: ಬುಕಾನನ್ ಗೆದ್ದವನ ಸಂಬಳ ತಿನ್ನುತ್ತಿದ್ದ. ಪಾಳುಬಿದ್ದ ಹೊಲಕ್ಕೆ ಸುಲ್ತಾನನನ್ನು ದೂರುವುದು ಅವನಿಗೆ ಸುಲಭವಿತ್ತು, ಧಣಿಯನ್ನು ದೂರುವುದು ಕಷ್ಟವಿತ್ತು. ಮೊನ್ನೆ ತಾನೇ ಗೆದ್ದ ಸರಕಾರದ ಅಧಿಕಾರಿ ಎದುರು ನಿಂತು ಕೇಳಿದರೆ ಬಡ ಗೌಡ ಏನು ತಾನೇ ಹೇಳಿಯಾನು?

ಆದರೂ ಆ ಪುಸ್ತಕವನ್ನು ಬಿಸಾಡುವಂತಿಲ್ಲ. ಏಕೆಂದು ತಿಳಿಯಲು ಅವನ ಹಿಂದಿನ ಕೆಲಸವನ್ನು ನೋಡಬೇಕು. ಮೈಸೂರಿಗೆ ಬರುವ ಮುನ್ನ, 1795ರಲ್ಲಿ, ಅವನು ರಾಯಭಾರಿಗಳ ತಂಡದೊಡನೆ ಬರ್ಮಾಕ್ಕೆ ಹೋಗಿದ್ದ. 1798ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಓಡಾಡಿದಾಗ, ಬರ್ಮಾದ ದೊರೆ ಅರಕಾನನ್ನು ಗೆದ್ದ ಮೇಲೆ ಓಡಿಬಂದ ನಿರಾಶ್ರಿತರನ್ನು ಕಂಡಿದ್ದ. 1799ರಲ್ಲಿ ಪ್ರಕಟವಾದ ಅವನ ಒಂದು ಭಾಷಾ ಲೇಖನದಲ್ಲಿ, ಅರಕಾನಿನಲ್ಲಿ ಬಹುಕಾಲದಿಂದ ನೆಲೆಸಿದ ಮುಸಲ್ಮಾನರು ತಮ್ಮನ್ನು 'ರೂಯಿಂಗಾ' ಎಂದು ಕರೆದುಕೊಳ್ಳುತ್ತಾರೆ ಎಂಬ ಮಾತಿದೆ.

ಬರೆಯುವಾಗ ಅದು ಪದಪಟ್ಟಿಯ ಒಂದು ಸಾಲು. ಆದರೆ ಮ್ಯಾನ್ಮಾರ್ 1982ರ ಪೌರತ್ವ ಕಾನೂನಿನಿಂದ ರೋಹಿಂಗ್ಯಾಗಳನ್ನು ಪರಕೀಯರನ್ನಾಗಿಸಿತು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಅಂಥ ಹೆಸರಿನ ಜನವೇ ಇರಲಿಲ್ಲ ಎಂಬ ವಾದಕ್ಕೆ ಉತ್ತರವಾಗಿ ಇತಿಹಾಸಕಾರರು ತೆಗೆದು ತೋರಿಸಿದ ದಾಖಲೆಗಳಲ್ಲಿ ಬುಕಾನನ್ನನ ಆ ಸಾಲೂ ಒಂದು.

ಬುಕಾನನ್ ದೊಡ್ಡ ಮಾನವತಾವಾದಿಯೇನಲ್ಲ. ಅವನು ಕೇಳಿದ, ಕೇಳಿದ್ದನ್ನು ದಿನಾಂಕ ಹಾಕಿ ಬರೆದ, ಅಷ್ಟೆ. ಆ ಅಷ್ಟೇ ಸಾಕಾಗಿ ಎರಡು ಶತಮಾನದ ನಂತರ ಒಂದು ಜನಾಂಗಕ್ಕೆ ಸಾಕ್ಷಿ ಸಿಕ್ಕಿತು. ಮದ್ದೂರು, ಮಳವಳ್ಳಿಯ ದಾರಿಯಲ್ಲಿ ಹೋಗುವಾಗ ನನಗೆ ಅನ್ನಿಸುವುದಿಷ್ಟು: ಸುಲ್ತಾನನ ಪರ, ವಿರೋಧ ಎಂದು ನಾವು ಕೂಗಾಡುವಾಗ, ಬಣವೆ ಕಳೆದುಕೊಂಡ ಆ ರೈತನ ಮಾತನ್ನು ಕೇಳಲು ಈಗಲೂ ಯಾರಾದರೂ ಒಬ್ಬರು ಕೂರಬೇಕು.