ಸ್ಟಾಕ್ ಚಿತ್ರಗಳ ತಾಂತ್ರಿಕ ಮಾನದಂಡಗಳು: ಸಿಂಗಳೀಕದ ಚಿತ್ರವೊಂದರ ನೆಲೆಯಲ್ಲಿ

ಕೊಳ್ಳುವವರು ಯಾರೆಂದು ಗೊತ್ತಾಗುವ ಮೊದಲೇ ಮಾರಾಟಕ್ಕೆ ಸಿದ್ಧವಾಗಿರುವ ಚಿತ್ರವೇ ಸ್ಟಾಕ್ ಚಿತ್ರ. ಅದು ಪಠ್ಯಪುಸ್ತಕದ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿ ಅಚ್ಚಾಗಬಹುದು, ಬಸ್ ನಿಲ್ದಾಣದ ಫಲಕವನ್ನೂ ತುಂಬಬಹುದು. ಅಲಾಮಿ, ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ನಂಥ ಸಂಗ್ರಹಗಳ ಗುಣಮಟ್ಟದ ನಿಯಮಗಳ ಹಿಂದಿರುವುದು ಈ ಅನಿಶ್ಚಯ. ಚೆಲುವಿನ ಮಾತು ಅಲ್ಲಿ ಆಮೇಲಿನದು. ಎಷ್ಟು ಬಗೆಯ ಬಳಕೆಗೆ ಚಿತ್ರ ತಾಳಿಕೊಳ್ಳುತ್ತದೆ ಎಂಬುದೇ ಮೊದಲ ಪ್ರಶ್ನೆ.

ಗಾತ್ರದ ನಿಯಮ ಸರಳ. ಶಟರ್‌ಸ್ಟಾಕ್ ಮತ್ತು ಅಡೋಬಿ ಸ್ಟಾಕ್ ಕನಿಷ್ಠ 4 ಮೆಗಾಪಿಕ್ಸೆಲ್ ಕೇಳುತ್ತವೆ. ಅಲಾಮಿಯ ಲೆಕ್ಕ ಬೇರೆ: ಕಡತವನ್ನು ತೆರೆದಾಗ 17 ಎಂಬಿಗಿಂತ ಹೆಚ್ಚಿರಬೇಕು. ಡಿಸ್ಕಿನಲ್ಲಿ 4–5 ಎಂಬಿ ತೋರಿಸುವ ಜೆಪೆಗ್ ಕಂಡು ಹೊಸಬರು ಗಾಬರಿಯಾಗುವುದುಂಟು. ಅದು ಕುಗ್ಗಿಸಿದ ಗಾತ್ರ ಮಾತ್ರ. 6000×4000 ಪಿಕ್ಸೆಲ್‌ಗಳ ಚಿತ್ರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ 60 ಲಕ್ಷ ಪಿಕ್ಸೆಲ್ ಉಳಿಯುತ್ತವೆ. ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ ಅದು ಸುಮಾರು 17.2 ಎಂಬಿ, ಅಂದರೆ ಅಂಚಿನಲ್ಲಿ ಪಾಸು. ಮೂರನೇ ಒಂದಕ್ಕೆ ಇಳಿಸಿದರೆ 2.7 ಮೆಗಾಪಿಕ್ಸೆಲ್ ಮಾತ್ರ, ಎಲ್ಲೆಡೆಯೂ ನಪಾಸು. ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತವೆಯೇ ಹೊರತು ವಿವರ ಹೆಚ್ಚುವುದಿಲ್ಲ.

ನಿಜವಾದ ಕಷ್ಟ ಕಾಡಿನಲ್ಲಿದೆ. ಶರಾವತಿ ಕಣಿವೆಯ ಮರದ ತುದಿಯಲ್ಲಿ ಕೂತ ಸಿಂಗಳೀಕವನ್ನೇ ತೆಗೆದುಕೊಳ್ಳಬಹುದು. ಮುಖ, ಮೈ ಕಪ್ಪು. ಮುಖದ ಸುತ್ತ ಬೂದುಬಣ್ಣದ ಕೇಸರ. ಹಿಂದೆ ಎಲೆಗಳ ಸಂದಿಯಲ್ಲಿ ಬಿಳಿ ಆಕಾಶ. ಬೆಳಕು ಸಾಲದೆ ಕ್ಯಾಮೆರಾದ ಬೆಳಕಿನ ಸಂವೇದನೆ (ಐಎಸ್‌ಒ) 3200 ಅಥವಾ 6400ಕ್ಕೆ ಏರುತ್ತದೆ. ಮುಖ ಕಾಣಲೆಂದು ಕಂಪ್ಯೂಟರಿನಲ್ಲಿ ನೆರಳನ್ನು ತಿಳಿಯಾಗಿಸಿದೊಡನೆ ಕಪ್ಪು ಕೂದಲಿನ ನಡುವೆ ಕೆಂಪು, ಹಸಿರು ಚುಕ್ಕೆಗಳು ಮೇಲೇಳುತ್ತವೆ. ಈ ನಾಯ್ಸನ್ನು ಅತಿಯಾಗಿ ಒರೆಸಿದರೆ ಕೂದಲೂ ಅಳಿಸಿಹೋಗಿ ಮುಖ ಮೇಣ ಸವರಿದಂತಾಗುತ್ತದೆ. ಅತ್ತ ಎಲೆಯಂಚು ಆಕಾಶಕ್ಕೆ ತಾಗುವಲ್ಲಿ ನೇರಳೆ ಗೆರೆ. ಲೆನ್ಸ್ ಎಲ್ಲ ಬಣ್ಣಗಳನ್ನೂ ಒಂದೇ ಬಿಂದುವಿಗೆ ತಾರದ ಫಲವಿದು. ಪರೀಕ್ಷಕರು ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ ನೋಡುವುದರಿಂದ ಇವ್ಯಾವುವೂ ಮರೆಯಾಗುವುದಿಲ್ಲ. ಫೋಕಸ್ ಕಣ್ಣಿನ ಬದಲು ಮುಂದಿನ ಕೊಂಬೆಗೆ ಕೂತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಯಲಿನ ಬೆಳಕಿನಲ್ಲಿ ಕೂತ ಕೊಕ್ಕರೆಗೂ ಮಳೆಕಾಡಿನ ಸಿಂಗಳೀಕಕ್ಕೂ ಒಂದೇ ಅಳತೆಗೋಲು. ಕಾಡಿನ ಚಿತ್ರಕ್ಕೆ ಇದು ನ್ಯಾಯವೆನ್ನಲಾಗದು.

ಷಾರ್ಪ್ ಮಾಡುವ ಕೆಲಸವನ್ನು ಕೊಳ್ಳುವವರಿಗೇ ಬಿಡುವುದು ಮೇಲು. ಎಷ್ಟು ಬೇಕೆಂಬುದು ಅಚ್ಚಿನ ಗಾತ್ರದ ಮೇಲೆ ನಿಂತಿದೆ. ಮೊದಲೇ ಹೆಚ್ಚು ಮಾಡಿದರೆ ಕೊಂಬೆಗಳ ಸುತ್ತ ಬಿಳಿ ಅಂಚು ಏಳುತ್ತದೆ. ಆಕಾಶದಲ್ಲಿ ಮಸುಕು ಬೊಟ್ಟಿನಂತೆ ಕಾಣುವ ಸೆನ್ಸರಿನ ದೂಳನ್ನು, ಅದರಲ್ಲೂ ಎಫ್/16ರಂಥ ಕಿರಿದಾದ ಅಪರ್ಚರಿನಲ್ಲಿ ತೆಗೆದ ಚಿತ್ರಗಳಲ್ಲಿ, ಹುಡುಕಿ ತೆಗೆಯಬೇಕು.

ನಿಸರ್ಗಚಿತ್ರದಲ್ಲಿ ಅಡಿಬರಹವೂ ಗುಣಮಟ್ಟದ ಭಾಗವೇ. ‘ಕೋತಿ’ ಎಂದಷ್ಟೇ ಬರೆದ ಚಿತ್ರ ಪಠ್ಯಪುಸ್ತಕದ ಸಂಪಾದಕರಿಗೆ ಸಿಗುವುದೇ ಇಲ್ಲ. ಸಿಂಗಳೀಕದ್ದಾದರೆ ಮಕಾಕಾ ಸೈಲೆನಸ್ ಎಂಬ ವೈಜ್ಞಾನಿಕ ಹೆಸರು, ಸ್ಥಳ, ಪ್ರಾಣಿ ಕಾಡಿನದೋ ಮೃಗಾಲಯದ್ದೋ ಎಂಬ ವಿವರ ಇರಬೇಕು.

ಇಷ್ಟಾದರೂ ಆಯ್ಕೆಯಲ್ಲಿ ಉದಾರತೆ ದುಬಾರಿ. ಅಲಾಮಿಯ ಪದ್ಧತಿಯಲ್ಲಿ ಒಂದು ಚಿತ್ರ ನಪಾಸಾದರೆ ಅದರ ಜೊತೆ ಪರೀಕ್ಷೆಗೆ ಕಾದಿದ್ದ ಉಳಿದ ಚಿತ್ರಗಳೂ ವಾಪಸ್ಸಾಗುತ್ತವೆ.