ಕುಳಿತವರ ಕಷ್ಟ: ಮೋಟಾರ್‌ಸೈಕಲ್ ಆಸನದ ಕಥೆ

ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸವನ್ನು ಬೋಧಿಸಿದವನು ನಾನು. ಯಾವ ಅರಸ ಯಾವ ವರ್ಷ ಸಿಂಹಾಸನವನ್ನೇರಿದ ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಆದರೆ ಪ್ರತಿದಿನ ನಾನೇ ಏರಿ ಶಾಲೆಗೆ ಹೋಗುತ್ತಿದ್ದ ಮೋಟಾರ್‌ಸೈಕಲ್ಲಿನ ಆಸನಕ್ಕೂ ಒಂದು ಇತಿಹಾಸವಿದೆ ಎಂಬುದು ಬಹುಕಾಲ ಹೊಳೆಯಲಿಲ್ಲ. ಅದನ್ನು ನನಗೆ ಕಲಿಸಿದ್ದು ಬೆನ್ನುನೋವು. ಅದೂ ನನ್ನದಲ್ಲ, ನನ್ನ ಶ್ರೀಮತಿಯವರದು.

1988ರ ಮಾತು. ಹಾಸನದ ಬಳಿಯ ಹಳ್ಳಿಯೊಂದರಲ್ಲಿ ಶಿಕ್ಷಕನಾಗಿದ್ದೆ. ಸೆಕೆಂಡ್‌ಹ್ಯಾಂಡ್ ಯೆಜ್ಡಿಯೊಂದನ್ನು ಕೊಂಡಿದ್ದೆ. ದಸರಾ ರಜೆಯಲ್ಲಿ ಇಬ್ಬರೂ ಅದರಲ್ಲಿಯೇ ಧರ್ಮಸ್ಥಳಕ್ಕೆ ಹೋಗಿಬರೋಣವೆಂದು ನಿಶ್ಚಯಿಸಿದೆವು. ದೂರದ ಪ್ರಯಾಣವಲ್ಲವೇ ಎಂದು, ಇದ್ದ ಆಸನವನ್ನು ಬಿಚ್ಚಿಸಿ, ಪೇಟೆಯ ಕುಶನ್ ಅಂಗಡಿಯೊಂದರಲ್ಲಿ ದಪ್ಪನೆಯ ಮೆತ್ತನೆಯ ಸ್ಪಂಜನ್ನು ತುಂಬಿಸಿದೆ. ಹಳೆಯ ಆಸನದಲ್ಲಿ ದೋಷವೇನೂ ಇರಲಿಲ್ಲ, ನನ್ನದೇ ಅತಿಬುದ್ಧಿ. ಮೆತ್ತಗಿದ್ದಷ್ಟೂ ಸುಖ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಸಕಲೇಶಪುರದವರೆಗೆ ಹಂಸತೂಲಿಕಾತಲ್ಪವೇ ಸರಿ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಸ್ಪಂಜು ಹಪ್ಪಳದಂತೆ ಚಪ್ಪಟೆಯಾಗಿ ಕೆಳಗಿನ ತಗಡು ಒತ್ತತೊಡಗಿತು. ಶ್ರೀಮತಿಯವರು ಸೀರೆಯುಟ್ಟು ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು, ನನ್ನ ಹೆಗಲನ್ನು ಹಿಡಿದು, ಸೊಂಟವನ್ನು ತಿರುಚಿಕೊಂಡೇ ಕುಳಿತಿದ್ದರು. ಎರಡು ಬಾರಿ ವಿಚಾರಿಸಿದೆ. "ಚೆನ್ನಾಗಿದೆ, ನೀವು ರಸ್ತೆ ನೋಡಿಕೊಂಡು ಓಡಿಸಿ" ಎಂದರು. ಮರುದಿನ ಬೆಳಗ್ಗೆ ಚಾಪೆಯಿಂದ ಏಳಲು ಅವರಿಂದಾಗಲಿಲ್ಲ. ಹಿಂದಿರುಗುವಾಗ ಅವರನ್ನು ಬಸ್ಸಿಗೆ ಹತ್ತಿಸಿ, ಆ ಬಸ್ಸಿನ ಹಿಂದೆಯೇ ನಾನೊಬ್ಬನೇ ಬಂದೆ. ನನ್ನ ಹಿಂದೆ ಆ ಮೆತ್ತನೆಯ ಆಸನ ಖಾಲಿಯಾಗಿತ್ತು.

ಆಮೇಲೆ ಈ ವಿಷಯವನ್ನು ಹುಡುಕಿ ಓದತೊಡಗಿದೆ. ಓದುಗರಿಗೆ ಸೋಜಿಗವೆನಿಸಬಹುದು: ಮೋಟಾರ್‌ಸೈಕಲ್ಲಿನ ಇತಿಹಾಸ ಆರಂಭವಾಗುವುದೇ ಆಸನದ ಅವಾಂತರದಿಂದ. ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ 1885ರಲ್ಲಿ ಪೆಟ್ರೋಲಿನಿಂದ ಓಡುವ ದ್ವಿಚಕ್ರ ವಾಹನವೊಂದನ್ನು ನಿರ್ಮಿಸಿದರು. ಮರದ ಚೌಕಟ್ಟು, ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರಗಳು, ಅರ್ಧ ಅಶ್ವಶಕ್ತಿಯ ಎಂಜಿನ್, ಅದರ ಮೇಲೆ ಕುದುರೆಯ ಜೀನನ್ನು ಹೋಲುವ ಚರ್ಮದ ಆಸನ. ಆ ವರ್ಷದ ನವೆಂಬರಿನಲ್ಲಿ ಡೈಮ್ಲರನ ಮಗ ಪಾಲ್ ಅದನ್ನೇರಿ ಉಂಟರ್‌ಟ್ಯೂರ್ಕ್‌ಹೈಮ್‌ಗೆ ಹೊರಟಾಗ, ಕೆಳಗಿದ್ದ ಎಂಜಿನ್ನಿನ ಕಾದ ಕೊಳವೆಯಿಂದಾಗಿ ಆಸನಕ್ಕೆ ಬೆಂಕಿ ಹತ್ತಿತಂತೆ! ಕುಳಿತವನ ಯೋಗಕ್ಷೇಮ ಎಂಜಿನ್ನಿನ ಅನಂತರದ ಚಿಂತೆ ಎಂಬುದು ಅಂದೇ ಸ್ಪಷ್ಟವಾಯಿತು.

ಆಸನದ ಸುಧಾರಣೆ ಬಂದದ್ದು ಬೈಸಿಕಲ್ಲಿನ ದಾರಿಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಿಂದ ಚರ್ಮದ ಸಾಮಾನುಗಳನ್ನು ತಯಾರಿಸುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತನ ಕುದುರೆ ಸತ್ತುಹೋಯಿತು. ಎರವಲು ತಂದ ಸೈಕಲ್ಲನ್ನೇರಿದಾಗ ಅದರ ಗಟ್ಟಿ ಪೀಠದಿಂದ ಹೈರಾಣಾಗಿ ಒಳ್ಳೆಯ ಆಸನವನ್ನು ಮಾಡುವ ಪಣತೊಟ್ಟ. ಇದು ಆ ಕಂಪನಿಯೇ ಹೇಳಿಕೊಳ್ಳುವ ಕಥೆ. 1882ರಲ್ಲಿ ಆತ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ. ದಪ್ಪ ಚರ್ಮವನ್ನು ಜೋಲಿಯಂತೆ ಬಿಗಿದು ಕಟ್ಟುವುದು, ಅಡಿಯಲ್ಲಿ ಸ್ಪ್ರಿಂಗ್ ಇಡುವುದು. ಈ ವಿಧಾನವನ್ನೇ ಮುಂದೆ ಮೋಟಾರ್‌ಸೈಕಲ್‌ಗಳೂ ಅಳವಡಿಸಿಕೊಂಡವು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ 1912ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಸನದ ಕಂಬದೊಳಗೇ ಸುರುಳಿ ಸ್ಪ್ರಿಂಗನ್ನು ಅಡಗಿಸಿಟ್ಟಿತು.

ಆದರೂ ಹಿಂದಿನ ಚಕ್ರ ಬಹುತೇಕ ವಾಹನಗಳಲ್ಲಿ ಚೌಕಟ್ಟಿಗೆ ಬಿಗಿಯಾಗಿಯೇ ಇದ್ದುದರಿಂದ ರಸ್ತೆಯ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ತಗಲುತ್ತಿತ್ತು. ಈ ಸ್ಥಿತಿ ಬದಲಾದದ್ದು ಎರಡನೆಯ ಮಹಾಯುದ್ಧದ ತರುವಾಯ. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಸಹೋದರರು ರೂಪಿಸಿದ ಹೊಸ ಚೌಕಟ್ಟಿನಲ್ಲಿ ಹಿಂಬದಿಯ ಚಕ್ರವು ತೂಗುವ ತೋಳಿನ ಮೇಲೆ ಏರಿಳಿಯುತ್ತಿತ್ತು. ಅದನ್ನು ಓಡಿಸಿ ನೋಡಿದ ಪಂದ್ಯಗಾರ ಹೆರಾಲ್ಡ್ ಡೇನಿಯಲ್, ಗರಿಯ ಹಾಸಿಗೆಯಂತಿದೆ ಎಂದನಂತೆ. 1950ರಿಂದ ನಾರ್ಟನ್ ಕಂಪನಿಯ ಆ ಚೌಕಟ್ಟು 'ಫೆದರ್‌ಬೆಡ್' ಎಂದೇ ಪ್ರಸಿದ್ಧವಾಯಿತು. ಗಮನಿಸಿ: ಹಾಸಿಗೆಯ ಹೆಸರು ಬಂದದ್ದು ಮೆತ್ತೆಗಲ್ಲ, ಉಕ್ಕಿನ ಚೌಕಟ್ಟಿಗೆ! ಆಘಾತವನ್ನು ಚಕ್ರದ ಬಳಿಯೇ ತಡೆದರೆ ಮೆತ್ತೆಗೆ ಕೆಲಸ ಕಡಿಮೆ. ಹೀಗಾಗಿಯೇ ಐವತ್ತರ ದಶಕದಲ್ಲಿ ಸ್ಪ್ರಿಂಗಿನ ಒಂಟಿ ಪೀಠಗಳು ಹಿಂದೆ ಸರಿದು, ಇಬ್ಬರು ಕೂರುವ ಉದ್ದನೆಯ ಜೋಡಿ ಆಸನ ರೂಢಿಗೆ ಬಂದಿತು. 1937ರಲ್ಲಿ ಜರ್ಮನಿಯ ಓಟ್ಟೊ ಬೇಯರ್ ಕಂಡುಹಿಡಿದ ಪಾಲಿಯುರಿಥೇನಿನಿಂದ ತಯಾರಾದ ಫೋಮ್, ಕ್ರಮೇಣ ಅದರೊಳಗೆ ಸೇರಿಕೊಂಡಿತು. ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾಗಳೂ, 1973ರಿಂದ ಯೆಜ್ಡಿಗಳೂ ಹೊರಬಂದದ್ದು ಇಂಥ ಜೋಡಿ ಆಸನದೊಡನೆಯೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಹಾಗಾದರೆ ಹಿಂದೆ ಕೂರುವವರ ಗತಿಯೇನು? 'ಪಿಲಿಯನ್' ಎಂಬ ಪದವೇ ಒಂದು ಇತಿಹಾಸ. ಅದು ಗೇಲಿಕ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಮೂಲದಲ್ಲಿ ಚರ್ಮವೆಂಬ ಅರ್ಥದ ಲ್ಯಾಟಿನ್ ಪದವಿದೆ. ಕುದುರೆಯ ಜೀನಿನ ಹಿಂದೆ, ಸಾಮಾನ್ಯವಾಗಿ ಹೆಂಗಸರಿಗಾಗಿ, ಕಟ್ಟುತ್ತಿದ್ದ ಮೆತ್ತೆಗೆ ಆ ಹೆಸರು. ಅಂದರೆ ಅದು ಮೊದಲಿನಿಂದಲೂ ಆಮೇಲೆ ಸೇರಿಸಿದ ಜಾಗ. ನಮ್ಮ ದೇಶದಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚುವ ತಡೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಅವು ಸುರಕ್ಷತೆಯ ನಿಯಮಗಳು. ನೋವಿಗೆ ನಿಯಮವಿಲ್ಲ, ಅದನ್ನು ನಾವೇ ಕೇಳಿ ತಿಳಿಯಬೇಕು.

ನನ್ನ ಆಸನವನ್ನು ಸರಿಪಡಿಸಿದವರು ಒಬ್ಬ ವೃದ್ಧರು. ಹಿಂದೆ ಜಟಕಾ ಗಾಡಿಗಳಿಗೆ ಮೆತ್ತೆ ಹೊಲಿಯುತ್ತಿದ್ದವರು. ಅವರು ಕೇಳಿದ ಮೊದಲ ಪ್ರಶ್ನೆ, "ಹಿಂದೆ ಯಾರು ಕೂರ್ತಾರೆ ಸ್ವಾಮಿ?" ಮೊದಲ ಅಂಗಡಿಯವನು ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರು ಆ ಸ್ಪಂಜನ್ನು ಕಿತ್ತೆಸೆದು, ಅಡಿಯಲ್ಲಿ ಗಟ್ಟಿ ಫೋಮ್, ಮೇಲೆ ತೆಳುವಾದ ಮೃದು ಪದರವನ್ನಿಟ್ಟು, ಹಿಂಭಾಗವನ್ನು ಅಗಲ ಮಾಡಿ ಸಮತಟ್ಟಾಗಿ ಹೊಲಿದರು. ಕಾರಣವನ್ನೂ ಹೇಳಿದರು. ಕುಳಿತಾಗ ಮೈಭಾರ ಹೆಚ್ಚಾಗಿ ಬೀಳುವುದು ಪೃಷ್ಠದ ಎರಡು ಮೂಳೆಗಳ ಮೇಲೆ. ತೀರಾ ಮೆತ್ತಗಿನ ಪದಾರ್ಥದಲ್ಲಿ ಅವು ಹೂತು ತಳವನ್ನು ಮುಟ್ಟುತ್ತವೆ. ಸುತ್ತಲಿನ ಮಾಂಸಖಂಡ ಹಿಂಡಿದಂತಾಗಿ ರಕ್ತಸಂಚಾರ ಕುಂದುತ್ತದೆ, ಜೋಮು ಹಿಡಿಯುತ್ತದೆ. ಗಟ್ಟಿತನವಿದ್ದರೆ ಭಾರ ಅಗಲಕ್ಕೆ ಹಂಚಿಹೋಗುತ್ತದೆ. "ಎಂಥ ಮೆತ್ತೆಯಾದರೂ ಗಂಟೆಗೊಮ್ಮೆ ಇಳಿದು ನಡೆಯಿರಿ" ಎಂದೂ ಸೇರಿಸಿದರು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ಪತಂಜಲಿ ಮಹರ್ಷಿಗಳು ಹೇಳಿದ್ದು ಯೋಗಕ್ಕೆ. ಸ್ಥಿರತೆಯಿಲ್ಲದೆ ಸುಖವಿಲ್ಲ ಎಂಬುದು ಮೋಟಾರ್‌ಸೈಕಲ್ಲಿಗೂ ಸಲ್ಲುತ್ತದೆಂದು ನನಗೆ ಮನವರಿಕೆಯಾದದ್ದು ಆ ಕುಶಲಕರ್ಮಿಯಿಂದ.

ಆ ಆಸನದ ಮೇಲೆ ನಾವಿಬ್ಬರೂ ಬೇಲೂರು, ಹಳೇಬೀಡು, ಶೃಂಗೇರಿಗಳನ್ನು ನೋಡಿದೆವು. ದಾರಿಯುದ್ದಕ್ಕೂ ಗಂಟೆಗೊಮ್ಮೆ ಇಳಿದು, ಮರದ ನೆರಳಿನಲ್ಲಿ ನಾಲ್ಕು ಹೆಜ್ಜೆ ನಡೆದು ಮುಂದುವರಿಯುತ್ತಿದ್ದೆವು. ಈಗ ನಮ್ಮ ಪ್ರಯಾಣವೆಲ್ಲ ಬಸ್ಸಿನಲ್ಲಿ. ಈ ಲೇಖನವನ್ನು ಬರೆಯುವ ಮುನ್ನ ಶ್ರೀಮತಿಯವರನ್ನು ಕೇಳಿದೆ: "ಆ ದಿನ ನಿನಗೆ ನೋವು ಶುರುವಾದದ್ದು ಎಲ್ಲಿ? ಘಾಟಿಯಲ್ಲೇ?" ಅವರು ಹೂವು ಕಟ್ಟುತ್ತಿದ್ದವರು ತಲೆಯೆತ್ತದೆ ಹೇಳಿದರು: "ಸಕಲೇಶಪುರಕ್ಕೆ ಮುಂಚೆಯೇ."

ನನಗೆ ಹಂಸತೂಲಿಕಾತಲ್ಪವಾಗಿದ್ದ ದಾರಿಯದು. ದೂರ ಪ್ರಯಾಣಕ್ಕೆ ಹೊಸ ಆಸನವನ್ನು ಮಾಡಿಸಲು ಹೊರಟಿರುವ ಕಿರಿಯ ಮಿತ್ರರಿಗೆ ಈ ನಿವೃತ್ತ ಮೇಷ್ಟರ ಒಂದೇ ಮಾತು: ಮೆತ್ತೆಯನ್ನು ಬೆರಳಿನಿಂದ ಒತ್ತಿ ನೋಡಿ ತೀರ್ಮಾನಿಸಬೇಡಿ. ಹಿಂದೆ ಕೂರುವವರನ್ನೂ ಅಂಗಡಿಗೆ ಕರೆದೊಯ್ಯಿರಿ; ಅವರು "ಚೆನ್ನಾಗಿದೆ" ಎಂದರೆ ಇನ್ನೊಮ್ಮೆ ಕೇಳಿರಿ.