ನಿತ್ಯಜೀವದ ಪ್ರಶ್ನೆ ಕನ್ನಡದಲ್ಲಿ ನಡೆದ ದಾರಿ

ನಿತ್ಯಜೀವ ಪಡೆಯಬೇಕಾದರೆ ಏನು ಮಾಡಬೇಕು ಎಂದು ಒಬ್ಬ ಧರ್ಮಶಾಸ್ತ್ರಿ ಯೇಸುವನ್ನು ಕೇಳುತ್ತಾನೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಪ್ರಸಂಗ. ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕೆಂಬ ಉತ್ತರ ಅವನಿಗೇ ಬಾಯಿಪಾಠ. ಆದರೂ ಬಿಡದೆ, ನೆರೆಯವನು ಯಾರು ಎಂದು ಕೆದಕುತ್ತಾನೆ. ಆಗ ಬರುವುದು ಜೆರಿಕೋ ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಬಿದ್ದವನ ಕಥೆ. ಯಾಜಕನೂ ಲೇವಿಯನೂ ಆಚೆ ಬದಿಗೆ ಸರಿದು ಹೋಗುತ್ತಾರೆ. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನೊಬ್ಬ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ. ಛತ್ರಕ್ಕೆ ಒಯ್ದು, ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುವೆನೆಂದು ಹೇಳಿ ಹೋಗುತ್ತಾನೆ.

ನಿತ್ಯಜೀವದ ಪ್ರಶ್ನೆ ಪ್ರೀತಿಗೆ ಹೊರಳಿ, ಪ್ರೀತಿ ಛತ್ರದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಸುವಾರ್ತೆಯಲ್ಲಿ ಹೀಗೆ ಒಂದೇ ಉಸಿರಿನಲ್ಲಿ ಬಂದದ್ದು ಕನ್ನಡದ ಕ್ರೈಸ್ತ ಬರವಣಿಗೆಯಲ್ಲಿ ಬಿಡಿಬಿಡಿಯಾಗಿ ಬಂತು. ಒಂದೊಂದು ಕಾಲದವರು ಒಂದೊಂದನ್ನು ಎತ್ತಿ ಹಿಡಿದರು.

17ನೆಯ ಶತಮಾನದಲ್ಲೇ ಶ್ರೀರಂಗಪಟ್ಟಣದ ಸೀಮೆಗೆ ಬಂದ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಧರ್ಮಬೋಧೆಯ ಪುಸ್ತಕ ಬರೆದಿದ್ದರು. ಆದರೆ ಜನರ ಕೈಗೆ ಗ್ರಂಥ ಸಿಗಲು ಅಚ್ಚುಕೂಟ ಬರಬೇಕಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಸಹೋದ್ಯೋಗಿ ವಿಲಿಯಂ ರೀವ್ ಮತ್ತು ಸ್ಥಳೀಯ ಪಂಡಿತರ ಜೊತೆ ವರ್ಷಗಟ್ಟಲೆ ಕೂತು ದುಡಿದದ್ದರ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಓದಲು ಸಿಕ್ಕಿತು. ಆ ಪಂಡಿತರ ಹೆಸರುಗಳಿಗೆ ಚರಿತ್ರೆಯ ಪುಸ್ತಕಗಳು ಜಾಗ ಕೊಟ್ಟಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಬಾಕಿ.

ಆ ಕಾಲದ ಕರಪತ್ರಗಳ ಒತ್ತೆಲ್ಲ ಸತ್ತ ಮೇಲಿನ ಗತಿಯ ಮೇಲೆ. ಪಾಪ, ತೀರ್ಪು, ಬಿಡುಗಡೆ, ಅಷ್ಟೇ. ನಿತ್ಯಜೀವವೆಂದರೆ ದೇವರನ್ನು ಅರಿಯುವುದು ಎಂದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯ ಹೇಳುತ್ತದೆ. ಅದು ಈ ಬದುಕಿನಲ್ಲೇ ಶುರುವಾಗುವಂಥದು. ಕರಪತ್ರದ ಬಿರುಸಿನಲ್ಲಿ ಈ ಮಾತು ಹಿಂದೆ ಸರಿಯಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಮೊದಲು ಇದೇ ದಾರಿ ಹಿಡಿದವರೇ. ಆದರೆ ಹರ್ಮನ್ ಮೋಗ್ಲಿಂಗ್ ಕನ್ನಡದವರಿಗೆ ಹೇಳುವ ಮುಂಚೆ ಕನ್ನಡದವರು ಹಾಡುವುದನ್ನು ಕೇಳಿಸಿಕೊಂಡರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಇವರೇ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಫಲ ಸಿಕ್ಕಿದ್ದು ಮುಂದಿನ ತಲೆಮಾರಿನಲ್ಲಿ. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದರು. ಯೇಸುವಿನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿನಲ್ಲೇ ಕಟ್ಟಿದ ಕಾವ್ಯ ಅದು. ನಮ್ಮ ಊರುಗಳಲ್ಲಿ ಜೈಮಿನಿ ಭಾರತ ಓದಿಸಿ ಕೇಳುವ ಮಂದಿ ಉಪದೇಶಕ್ಕಿಂತ ಕಥೆಗೆ ಬೇಗ ಕಿವಿಗೊಡುತ್ತಾರೆಂಬುದು ಅವರಿಗೆ ಹೊಳೆದಿರಬೇಕು. ಪ್ರೀತಿ ಆಜ್ಞೆಯಾಗಿ ಬಾರದೆ ಒಬ್ಬ ಮನುಷ್ಯನ ನಡೆಯಾಗಿ ಬಂತು. ಕಿಟ್ಟೆಲರ ಹೆಸರು ಹೇಳಿದಾಗ ನಾವು 1894ರ ನಿಘಂಟಿನಲ್ಲೇ ನಿಂತುಬಿಡುತ್ತೇವೆ. ಈ ಪುಟ್ಟ ಕಾವ್ಯವನ್ನು ತೆರೆಯುವವರು ಕಡಿಮೆ.

ಇದೇ ಎಳೆಯನ್ನು ಇನ್ನೂ ಮುಂದಕ್ಕೆ ಒಯ್ದವರು ಸಭೆಯ ಹೊರಗಿನವರು. ಮಂಜೇಶ್ವರದ ಎಂ. ಗೋವಿಂದ ಪೈ 1930ರ ದಶಕದಲ್ಲಿ ‘ಗೊಲ್ಗೊಥಾ’ ಪ್ರಕಟಿಸಿದರು. ಕ್ರಿಸ್ತನ ಕಡೆಯ ದಿನ ಅದರ ವಸ್ತು. ಮತಕ್ಕೆ ಕರೆಯುವ ಉದ್ದೇಶ ಪೈಗಳಿಗಿರಲಿಲ್ಲ. ಬುದ್ಧನ ಕೊನೆಯ ದಿನವನ್ನೂ ಅಷ್ಟೇ ಭಕ್ತಿಯಿಂದ ‘ವೈಶಾಖಿ’ಯಲ್ಲಿ ಬರೆದವರು ಅವರು. ಶಿಲುಬೆಯ ಮೇಲಿನ ಪ್ರೀತಿಯನ್ನು ಕನ್ನಡದ ಸಾಮಾನ್ಯ ಓದುಗನ ಸ್ವತ್ತಾಗಿಸಿದ್ದು ಯಾವ ಪ್ರಸಂಗಪೀಠವೂ ಅಲ್ಲ, ಈ ಖಂಡಕಾವ್ಯ ಎಂದೇ ನನ್ನ ಎಣಿಕೆ.

ನೀತಿವಂತ ಬದುಕಿನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಸ್ವಾತಂತ್ರ್ಯದ ನಂತರ. ಬೆಂಗಳೂರು ಅದಕ್ಕೆ ದೊಡ್ಡ ಕೇಂದ್ರ. 1910ರಲ್ಲಿ ಶುರುವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇಲ್ಲಿದೆ. ಪಿ.ಡಿ. ದೇವನಂದನ್, ಎಂ.ಎಂ. ಥಾಮಸ್ ಅವರು ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಸಂಸ್ಥೆ ಕಟ್ಟಿದ್ದೂ ಇಲ್ಲೇ. ಅದೇ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತೆತ್ತಿದರು. ದಲಿತ ದೇವತಾಶಾಸ್ತ್ರ ಅಲ್ಲಿಂದ ಬೆಳೆಯಿತು. ಗಾಯಗೊಂಡವನು ದಾರಿಯಲ್ಲಿ ಏಕೆ ಬಿದ್ದಿದ್ದಾನೆ, ಹೊಡೆದವರು ಯಾರು ಎಂದು ಕೇಳುವ ಚಿಂತನೆ ಅದು. ಕಾರ್ಕಳದ ಮಗ, ಮಂಗಳೂರಿನ ಸೆಮಿನರಿಯ ಪ್ರಾಚಾರ್ಯರಾಗಿದ್ದ ಸ್ಟ್ಯಾನ್ಲಿ ಸಮರ್ಥರು ಅನ್ಯಧರ್ಮೀಯರೊಡನೆ ಸಂವಾದದ ವಿಚಾರದಲ್ಲಿ ಜಗತ್ತಿಗೇ ಹೆಸರಾದರು. ಕೊರತೆ ಒಂದೇ. ಇದರ ಬಹುಭಾಗ ನಡೆದದ್ದು ಇಂಗ್ಲಿಷಿನಲ್ಲಿ. ಕಿಟ್ಟೆಲ್ ಜರ್ಮನಿಯಿಂದ ಬಂದು ಕನ್ನಡದಲ್ಲಿ ಬರೆದರು. ನಮ್ಮೂರಿನ ಪಂಡಿತರು ಇಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದರು. ಎರಡನೆಯ ವ್ಯಾಟಿಕನ್ ಪರಿಷತ್ತಿನ (1962–65) ನಂತರ ಕ್ಯಾಥೊಲಿಕ್ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ಗಹನ ಚಿಂತನೆ ಅದೇ ವೇಗದಲ್ಲಿ ಬರಲಿಲ್ಲ. ಆ ಜಾಗವನ್ನು ಒಂದಿಷ್ಟು ತುಂಬಿದವರು ಕಾದಂಬರಿಕಾರರು. ನಾ. ಡಿಸೋಜರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕ್ರೈಸ್ತರ ದಿನನಿತ್ಯದ ಬದುಕನ್ನೇ ಕಥೆಯಾಗಿಸಿತು.

ಬೆಂಗಳೂರಿನ ಆ ಕಾಲೇಜು, ಅಧ್ಯಯನ ಸಂಸ್ಥೆಗಳಿಂದ ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ದೂರವೇನಲ್ಲ, ಯಲಹಂಕ ದಾಟಿ ಅದೇ ರಸ್ತೆ ಹಿಡಿದರೆ ಸಿಗುತ್ತದೆ. ಮಗ್ಗದ ಸೀಮೆಯಲ್ಲಿ ಕೈಗಾರಿಕಾ ಪ್ರದೇಶ ಎದ್ದ ಮೇಲೆ ಹಳ್ಳಿ ಪಟ್ಟಣ ಪಂಚಾಯ್ತಿಯಾಗಿದೆ. ಬೇರೆ ಜಿಲ್ಲೆ, ಬೇರೆ ರಾಜ್ಯದವರು ಬಾಡಿಗೆ ಕೋಣೆಗಳಲ್ಲಿ ಇದ್ದುಕೊಂಡು ಪಾಳಿಯ ಮೇಲೆ ದುಡಿಯುತ್ತಾರೆ. ಇಂಥ ಊರಿನಲ್ಲಿ ಭಾನುವಾರದ ಪ್ರಸಂಗಕ್ಕೆ ಬಂದು ಕೂರುವವನ ಚಿಂತೆ ಸತ್ತ ಮೇಲಿನದಕ್ಕಿಂತ ತಿಂಗಳ ಕೊನೆಯದು: ಓಟಿ ಹಣ ಬಂತೇ, ಕಾಂಟ್ರ್ಯಾಕ್ಟರ್ ಪಿಎಫ್ ಕಟ್ಟಿದನೇ. ಇಲ್ಲಿಗಾಗಿ ಕನ್ನಡದಲ್ಲಿ ವ್ಯಾಖ್ಯಾನ ಬರೆಯುವವರು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಿಂದ ಶುರುಮಾಡಬಹುದು. ಹೊಲ ಕೊಯ್ದವರ ಕೂಲಿಯನ್ನು ಧಣಿ ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ, ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎನ್ನುವ ಭಾಗ ಅದು.